ಹುರಿದುಂಬಿಸುವ ಮದ್ದು ಹೃದಯವನ್ನೇ ನಿಲ್ಲಿಸಿದ ಬಗೆ

ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್‌ಲೇಟನ್. 1848ರ ಜನವರಿ 28ರಂದು, 15 ವರ್ಷದ ಹ್ಯಾನಾ ಗ್ರೀನರ್ ಕಾಲುಗುರು ತೆಗೆಸಿಕೊಳ್ಳಲು ಕುರ್ಚಿಯಲ್ಲಿ ಕುಳಿತಳು. ಹೆದರಿ ಅಳುತ್ತಲೇ ಇದ್ದಳು. ಬಟ್ಟೆಗೆ ಸುರಿದ ಒಂದು ಚಮಚದಷ್ಟು ಕ್ಲೋರೋಫಾರ್ಮ್ ಎಂಬ ಅರಿವಳಿಕೆ ಮದ್ದನ್ನು ಮೂಸಿದ ಕೆಲವೇ ನಿಮಿಷಗಳಲ್ಲಿ ಅವಳ ಪ್ರಾಣ ಹೋಯಿತು.

ಮದ್ದು ಹೆಚ್ಚಾಯಿತು ಅನ್ನೋಣವೆಂದರೆ ಕೊಟ್ಟದ್ದೇ ಅಷ್ಟು. ಇಂಥ ಸಾವುಗಳಲ್ಲಿ ಮೊದಲು ನಿಲ್ಲುವುದು ಉಸಿರೋ, ಹೃದಯವೋ? ಈ ವಾದ ಬಗೆಹರಿಸಲು ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕುಳಿತವು. ಹಣ ಅಲ್ಲಿನ ಅರಸರಾದ ನಿಜಾಮರದು. ವೈದ್ಯ ಎಡ್ವರ್ಡ್ ಲಾರಿಯ ಮುಂದಾಳತ್ವದಲ್ಲಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ತೀರ್ಪು ಬಂತು: ಉಸಿರನ್ನು ಕಾಯಿರಿ, ಹೃದಯಕ್ಕೆ ನೇರ ಅಪಾಯವಿಲ್ಲ. ಪಟ್ಟ ಶ್ರಮ ದೊಡ್ಡದು, ತೀರ್ಪು ಮಾತ್ರ ಅರೆಬೆಂದದ್ದು.

1911ರಲ್ಲಿ ವೈದ್ಯ ಆಲ್ಫ್ರೆಡ್ ಗುಡ್‌ಮನ್ ಲೆವಿ ಬೆಕ್ಕುಗಳಿಗೆ ಹಗುರವಾಗಿ ಕ್ಲೋರೋಫಾರ್ಮ್ ಕೊಟ್ಟು, ರಕ್ತನಾಳಕ್ಕೆ ಹೃದಯವನ್ನು ಹುರಿದುಂಬಿಸುವ ಅಡ್ರಿನಾಲಿನ್ ಅನ್ನು ತುಸು ಸೇರಿಸಿದರು. ಹೃದಯದ ಕೆಳಕೋಣೆಗಳು ಮಿಡಿಯುವುದನ್ನು ಬಿಟ್ಟು ಅದುರತೊಡಗಿದವು. ರಕ್ತ ಮುಂದಕ್ಕೆ ಹೋಗಲೇ ಇಲ್ಲ. ಅರಿವಳಿಕೆ ಗಾಢವಾಗಿದ್ದಾಗ ಹೀಗಾಗುತ್ತಿರಲಿಲ್ಲ. ಭಯವಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿ ತಾನಾಗಿಯೇ ಅಡ್ರಿನಾಲಿನ್ ಸುರಿಸುತ್ತದೆ. ಅಂದರೆ ಅರೆಮಂಪರಿನಲ್ಲಿ ಹೆದರಿದ ರೋಗಿಗೇ ಗಂಡಾಂತರ. ಜೀವ ಉಳಿಯಲೆಂದು ಕಡಿಮೆ ಕೊಡುತ್ತಿದ್ದ ವೈದ್ಯರ ಎಚ್ಚರವೇ ತಿರುಗುಬಾಣ! ಹ್ಯಾನಾಳ ಸಾವಿಗೆ ಬೇರೆ ಕಾರಣಗಳನ್ನು ಹೇಳುವವರೂ ಇದ್ದಾರೆ. ಆ ಅಳುವನ್ನು ನೆನೆದರೆ ನನಗೆ ಲೆವಿಯ ವಿವರಣೆಯೇ ಸರಿಯೆನಿಸುತ್ತದೆ.

1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹ್ಯಾಲೋಥೇನ್ ಎಂಬ ಹೊಸ ಅರಿವಳಿಕೆ ಬಳಕೆಗೆ ಬಂತು. ಈಥರ್‌ನಂತೆ ಹೊತ್ತಿಕೊಳ್ಳದ, ಹಿತವಾದ ಮದ್ದು. ಆದರೆ ಹಳೆಯ ದೋಷ ಇದರಲ್ಲೂ ಇತ್ತು. ಶಸ್ತ್ರವೈದ್ಯರು ರಕ್ತ ಹರಿಯದಿರಲೆಂದು ಕೊಯ್ಯುವ ಜಾಗಕ್ಕೆ ಅಡ್ರಿನಾಲಿನ್ ಚುಚ್ಚುತ್ತಾರೆ. ಅದು ರಕ್ತಕ್ಕೆ ಸೇರಿದರೆ ಬಡಿತದ ಲಯ ತಪ್ಪುತ್ತಿತ್ತು. ಹಾಗಾಗಿ 1962ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರು ಲೆಕ್ಕ ಕಟ್ಟಿಕೊಟ್ಟರು: ಲಕ್ಷಕ್ಕೆ ಒಂದರಷ್ಟು ತೆಳುವಾದ ದ್ರಾವಣವಾದರೆ ವಯಸ್ಕರಿಗೆ 10 ನಿಮಿಷದಲ್ಲಿ 10 ಮಿಲಿಲೀಟರ್, ಗಂಟೆಗೆ 30 ಮೀರಕೂಡದು. 1976ರಲ್ಲಿ ಅಳತೆ ಇನ್ನೂ ಖಚಿತವಾಯಿತು. ಹ್ಯಾಲೋಥೇನ್ ಪಡೆದವರಲ್ಲಿ ಅರ್ಧದಷ್ಟು ಜನರ ಲಯ ತಪ್ಪಿಸಲು ಕಿಲೋ ತೂಕಕ್ಕೆ 2.1 ಮೈಕ್ರೋಗ್ರಾಂ ಅಡ್ರಿನಾಲಿನ್ ಸಾಕಾಯಿತು, ಐಸೋಫ್ಲೂರೇನ್ ಎಂಬ ಇನ್ನೊಂದು ಅರಿವಳಿಕೆಯಲ್ಲಿ 6.7 ಬೇಕಾಯಿತು. ಹ್ಯಾಲೋಥೇನ್ ಹಿಂದೆ ಸರಿಯಲು ಯಕೃತ್ತಿನ ತೊಂದರೆಯ ಜೊತೆಗೆ ಇದೂ ಕಾರಣ.

ಇಂದು ಶಸ್ತ್ರಚಿಕಿತ್ಸೆಯ ನಡುವೆ ರಕ್ತದೊತ್ತಡ ಕುಸಿದರೆ ಅದೇ ಅಡ್ರಿನಾಲಿನ್ ಬಳಗದ ನಾರ್‌ಅಡ್ರಿನಾಲಿನ್ ಅನ್ನು ಪಂಪಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಹರಿಸುತ್ತಾರೆ. ಇಸಿಜಿ ಪರದೆ ಕ್ಷಣಕ್ಷಣಕ್ಕೂ ಬಡಿತ ತೋರಿಸುತ್ತಿರುತ್ತದೆ. ಹ್ಯಾನಾಳ ಕುರ್ಚಿಯ ಪಕ್ಕದಲ್ಲಿದ್ದ ವೈದ್ಯರಿಗೆ ನಾಡಿಯ ಮೇಲಿಟ್ಟ ಬೆರಳೊಂದೇ ಆಸರೆಯಾಗಿತ್ತು.