ಮಸಿ ಕಳೆದ ಎರಡು ಭಾನುವಾರ

ಮುಂಬಯಿಯಲ್ಲಿ ಹಳೆಯ ಮೋಟಾರು ಇಟ್ಟುಕೊಂಡವರಿಗೆ ಉಪದೇಶಕ್ಕೆ ಕೊರತೆಯಿಲ್ಲ. 2023ರ ಅಕ್ಟೋಬರಿನಲ್ಲಿ ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಬೀದಿಯಿಂದ ಮರೆಯಾದ ಮೇಲಂತೂ "ಇದನ್ನಿನ್ನೂ ಮಾರಲಿಲ್ಲವೇ?" ಎಂದು ಕೇಳದವರೇ ವಿರಳ. ನಮ್ಮದು ತೀರ್ಥರೂಪರು 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ. ಅವರು ಈಗಿಲ್ಲ, ಗಾಡಿಯಿದೆ. ಮಾರುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

2024ರ ಡಿಸೆಂಬರಿನಲ್ಲಿ ತಾಯಿಯವರನ್ನು ಕೂರಿಸಿಕೊಂಡು ಹಳೆಯ ರಸ್ತೆಯಲ್ಲಿ ಪುಣೆಗೆ ಹೊರಟೆವು. ಖೋಪೋಲಿ ದಾಟಿ ಘಾಟಿ ಏರತೊಡಗಿದೊಡನೆ ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು. ಖಂಡಾಲೆಯಲ್ಲಿ ನಿಲ್ಲಿಸಿ ಕೀಲಿ ತೆಗೆದರೂ ಇಂಜಿನು ನಾಲ್ಕಾರು ಸಲ ಕೆಮ್ಮಿಯೇ ನಿಂತಿತು. ಹಿಂದಿರುಗಿದ ಮೇಲೆ ಮೆಕ್ಯಾನಿಕರೊಬ್ಬರಿಗೆ ತೋರಿಸಿದೆವು. ಬಾನೆಟ್ಟು ಎತ್ತುವ ಮೊದಲೇ "ಆಯಸ್ಸು ಮುಗಿಯಿತು, ಗುಜರಿಗೆ ಹಾಕಿ" ಎಂದುಬಿಟ್ಟರು. ತಾಯಿಯವರು ಮಾತ್ರ "ನಿಮ್ಮಪ್ಪ ಇದ್ದಿದ್ದರೆ ಮೊದಲು ಬಿಚ್ಚಿ ನೋಡುತ್ತಿದ್ದರು" ಎಂದರು. ಆ ಮಾತಿನ ಮೇಲೆ ನಾವು ಪಾನಾ ಹಿಡಿದೆವು.

ಸೌದೆಯ ಒಲೆ ಕಂಡವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ಚೆನ್ನಾಗಿ ಉರಿಯದಿದ್ದರೆ ಪಾತ್ರೆಯ ತಳಕ್ಕೆ ಮಸಿ ಕಟ್ಟುತ್ತದೆ. ಇಂಜಿನ್ನಿನಲ್ಲಿಯೂ ಅರೆಬೆಂದ ಪೆಟ್ರೋಲು, ಸುಟ್ಟ ಎಣ್ಣೆ, ಪಿಸ್ಟನ್ನಿನ ತಲೆಯ ಮೇಲೂ ವಾಲ್ವುಗಳ ಮೇಲೂ ಇಂಗಾಲದ ಕಿಟ್ಟವಾಗಿ ಕೂರುತ್ತವೆ. ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಕೆಂಡವಾದ ಕಿಟ್ಟವೇ, ಪ್ಲಗ್ಗಿನ ಕಿಡಿಗೆ ಕಾಯದೆ, ಬೆಂಕಿ ಹೊತ್ತಿಸುತ್ತದೆ. ನಾವು ಕೇಳಿದ ಸದ್ದೂ ಕೆಮ್ಮೂ ಇದರ ಫಲವೇ.

ವೈದ್ಯರು ನಾಲಗೆ ನೋಡುವಂತೆ ಮೊದಲು ಪ್ಲಗ್ಗು ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಆರೋಗ್ಯ. ಜಿಡ್ಡಾದ ಕಪ್ಪಿದ್ದರೆ ಸವೆದ ರಿಂಗುಗಳಿಂದಲೋ ವಾಲ್ವಿನ ಬದಿಯಿಂದಲೋ ಎಣ್ಣೆ ಇಳಿಯುತ್ತಿದೆಯೆಂದು ಅರ್ಥ. ಕಾಡಿಗೆಯಂಥ ಒಣ ಮಸಿಯಿದ್ದರೆ ಪೆಟ್ರೋಲು ಅತಿಯಾಗಿದೆ. ನಮ್ಮ ನಾಲ್ಕು ಪ್ಲಗ್ಗುಗಳೂ ಒಣ ಕಾಡಿಗೆ!

ಮೊದಲ ಭಾನುವಾರ ಹೆಡ್ಡು ಬಿಚ್ಚಿದೆವು. ಬ್ಯಾಟರಿಯ ತಂತಿ ಕಳಚಿ, ರೇಡಿಯೇಟರಿನ ನೀರಿಳಿಸಿ, ಇಂಜಿನು ಪೂರ್ತಿ ತಣ್ಣಗಾದ ಮೇಲೆಯೇ ಕೈಹಾಕಿದ್ದು. ಬಿಸಿಯಿರುವಾಗ ಬಿಚ್ಚಿದರೆ ಅಲ್ಯುಮಿನಿಯಮ್ಮಿನ ಹೆಡ್ಡು ಸೊಟ್ಟಗಾಗುವ ಭಯವುಂಟು. ಬೋಲ್ಟುಗಳನ್ನು ಅಂಚಿನಿಂದ ನಡುವಿಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಎಂಟು ಪುಶ್‌ರಾಡುಗಳು ಅದಲುಬದಲಾಗಬಾರದು. ಮಗಳು ರಟ್ಟಿನ ಪೆಟ್ಟಿಗೆಗೆ ಎಂಟು ತೂತು ಕೊರೆದು, ಅಂಕಿ ಬರೆದು, ಒಂದೊಂದನ್ನೂ ನಿಲ್ಲಿಸಿದಳು. ಆ ದಿನ ನಮ್ಮೆಲ್ಲರಲ್ಲಿ ಜಾಣತನ ತೋರಿದವಳು ಅವಳೇ.

ಎರಡನೆಯ ಭಾನುವಾರ ಮಸಿ ಕೆರೆಯುವ ಕೆಲಸ. ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್ನುಗಳು ಜೊತೆಯಾಗಿ ಮೇಲೆ ಬರುತ್ತವೆ. ಉಳಿದೆರಡರ ಬಾಯಿಗೂ ನೀರಿನ ತೂತುಗಳಿಗೂ ಬಟ್ಟೆ ತುರುಕಿದೆವು. ತುರುಕಿದ ಬಟ್ಟೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿರಿ; ಒಂದು ಒಳಗುಳಿದರೂ ಅನಾಹುತ. ಪಿಸ್ಟನ್ನಿನ ಅಂಚಿಗೆ ಗ್ರೀಸು ಮೆತ್ತಿದರೆ ಉದುರಿದ ಪುಡಿ ಕೆಳಗಿಳಿಯದು. ಉಕ್ಕಿನ ಚಾಕು ಬೇಡ, ಗೀರು ಬೀಳುತ್ತದೆ. ಬಿದಿರಿನ ಚಕ್ಕೆ, ಸೀಮೆಎಣ್ಣೆ, ತಾಳ್ಮೆ ಸಾಕು. ಪುಡಿ ಶ್ವಾಸಕ್ಕೆ ಹೋಗಬಾರದು, ಮೂಗಿಗೆ ಮುಸುಕಿರಲಿ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಒಣಗಿದ್ದಾಗ ಕೆರೆಯದೆ, ಒದ್ದೆ ಮಾಡಿಯೇ ತೆಗೆಯಬೇಕು. ಹತ್ತಿರದಲ್ಲಿ ಬೆಂಕಿ ಸುಳಿಯಕೂಡದು.

ಹೊಸ ಗ್ಯಾಸ್ಕೆಟ್ಟಿಟ್ಟು, ಈ ಸಲ ನಡುವಿನಿಂದ ಅಂಚಿಗೆ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಯಂತೆ ಹಂತಹಂತವಾಗಿ ಬಿಗಿದೆವು. ಟಪೆಟ್ಟುಗಳ ಸಂದನ್ನು ಸರಿಪಡಿಸಿದೆವು.

ಆದರೆ ಕೆರೆದಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿದಿದ್ದರೆ ಮೋಸಹೋಗುತ್ತಿದ್ದೆವು. ಒಣ ಕಾಡಿಗೆ ಎಲ್ಲಿಂದ ಬಂತು? ಹುಡುಕಿದಾಗ ಸಿಕ್ಕಿದ್ದು ಚೋಕಿನ ತುಕ್ಕು ಹಿಡಿದ ತಂತಿ. ನಾವು ಚೋಕನ್ನು ಸ್ವಸ್ಥಾನಕ್ಕೆ ಮರಳಿಸಿದರೂ ಕಾರ್ಬ್ಯುರೇಟರಿನ ಕಡೆ ಅದು ಪೂರ್ತಿ ಸರಿಯುತ್ತಿರಲಿಲ್ಲ. ಬೆಳಗಿನ ಚಳಿಯಲ್ಲಿ ಮಾತ್ರ ಬೇಕಾದ ಹೆಚ್ಚಿನ ಪೆಟ್ರೋಲು ದಾರಿಯುದ್ದಕ್ಕೂ ಸುರಿಯುತ್ತಿತ್ತು. ಅಲ್ಪ ಬೆಲೆಯ ತಂತಿಗಾಗಿ ಗಾಡಿಯೇ ಗುಜರಿಗೆ ಹೋಗುತ್ತಿತ್ತಲ್ಲ!

ಹೊಸ ಕಾರುಳ್ಳವರು ಇದನ್ನೋದಿ ಪಾನಾ ಹಿಡಿಯಬಾರದೆಂದು ಪ್ರಾರ್ಥನೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಇಂಜಿನುಗಳಲ್ಲಿ ಗಾಳಿಯ ವಾಲ್ವುಗಳನ್ನು ಪೆಟ್ರೋಲು ತೊಳೆಯುವುದಿಲ್ಲ. ಆದ್ದರಿಂದ ಮಸಿ ಅಲ್ಲಿಯೇ ಕಟ್ಟುತ್ತದೆ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಿಂದ ಹೊಡೆದು ಅದನ್ನು ತೆಗೆಯುವ ಕ್ರಮವಿದೆ. ಅದು ಕಾರ್ಖಾನೆಯ ಕೆಲಸ, ಅಂಗಳದ್ದಲ್ಲ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ: ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುವುದು, ಗಾಳಿಯ ಫಿಲ್ಟರನ್ನು ಚೊಕ್ಕಟವಾಗಿಡುವುದು, ಅಂಗಡಿಗೂ ಮನೆಗೂ ಮಾತ್ರ ಓಡುವ ಗಾಡಿಯನ್ನು ಆಗಾಗ ದೂರದ ದಾರಿಗೆ ಒಯ್ಯುವುದು.

2025ರ ಸಂಕ್ರಾಂತಿಗೆ ಮತ್ತೆ ಪುಣೆಗೆ ಹೊರಟೆವು. ಘಾಟಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು, ಗೋಲಿಯ ಸದ್ದಿಲ್ಲ. ಖಂಡಾಲೆಯಲ್ಲಿ ಕೀಲಿ ತೆಗೆದೊಡನೆ ಇಂಜಿನು ಥಟ್ಟನೆ ಸುಮ್ಮನಾಯಿತು. ತಾಯಿಯವರು ಏನನ್ನೂ ಹೇಳದೆ, ಚೀಲದಿಂದ ಎಳ್ಳುಬೆಲ್ಲ ತೆಗೆದು ಎಲ್ಲರ ಕೈಗೂ ಹಾಕಿದರು. ಉಗುರಿನ ಸಂದಿಯ ಮಸಿ ನಮಗಿನ್ನೂ ಪೂರ್ತಿ ಹೋಗಿರಲಿಲ್ಲ.