ಯಾವ ದೇಶದ ಗ್ಯಾಲನ್?

ಅಮೆರಿಕದಲ್ಲಿ ಒಂದು ಗ್ಯಾಲನ್ ಪೆಟ್ರೋಲ್ ಹಾಕಿಸಿದರೆ ಟ್ಯಾಂಕಿಗೆ ಬೀಳುವುದು 3.785 ಲೀಟರ್. ಬ್ರಿಟನ್ನಿನ ಗ್ಯಾಲನ್ ಆದರೆ 4.546 ಲೀಟರ್. ಹೆಸರು ಒಂದೇ, ವ್ಯತ್ಯಾಸ ಮುಕ್ಕಾಲು ಲೀಟರಿಗೂ ಜಾಸ್ತಿ!

ಯಾಕೆ ಹೀಗೆ? ಇಂಗ್ಲೆಂಡಿನ ರಾಣಿ ಆ್ಯನ್ ಕಾಲದಲ್ಲಿ ವೈನ್ ಅಳೆಯಲು 231 ಘನ ಅಂಗುಲದ ಗ್ಯಾಲನ್ ಇತ್ತು. ಅಮೆರಿಕ ಅದನ್ನೇ ಉಳಿಸಿಕೊಂಡಿತು. ಬ್ರಿಟನ್ ಮಾತ್ರ 1824ರಲ್ಲಿ ಕಾನೂನು ಬದಲಿಸಿ, ಹತ್ತು ಪೌಂಡ್ ನೀರು ಹಿಡಿಯುವ ಹೊಸ ಗ್ಯಾಲನ್ ತಂದಿತು.

ಕಾರಿನ ಮೈಲೇಜ್ ಹೋಲಿಸುವಾಗ ಎಡವಟ್ಟಾಗುವುದು ಇಲ್ಲೇ. ಗ್ಯಾಲನ್ನಿಗೆ 40 ಮೈಲಿ ಅಂದರೆ ಅಮೆರಿಕದ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್. ಬ್ರಿಟನ್ನಿನ ಲೆಕ್ಕದಲ್ಲಿ ಸುಮಾರು 14 ಅಷ್ಟೇ!

ಹಾಗಾಗಿ ಲೀಟರಿಗೆ ಬದಲಿಸುವ ಮೊದಲು ಯಾವ ದೇಶದ ಗ್ಯಾಲನ್ ಅಂತ ನೋಡಿಕೊಳ್ಳಿ, ಆಮೇಲೆ ಗುಣಿಸಿ.