ಕೊನೆಯ ಪಾಳಿ ಯಾರದು?

ಮಾರ್ಗಶಿರದ ಸಂಜೆ. ಹುಬ್ಬಳ್ಳಿಯ ಒಂದು ಶಾಲಾ ಮೈದಾನದಲ್ಲಿ ಬಾಲಕರ ಕ್ರಿಕೆಟ್ ಪಂದ್ಯ ನಡೆದಿದೆ. ಹೊತ್ತು ಇಳಿಯುತ್ತಿದೆ. ಗೋಡೆಯಾಚೆಯ ಬೇವಿನ ಮರದ ನೆರಳು ಮೈದಾನವನ್ನು ದಾಟಿ ಸ್ಟಂಪುಗಳವರೆಗೂ ಚಾಚಿಕೊಂಡಿದೆ. ಗೆಲ್ಲಲು ಇನ್ನು ಹನ್ನೊಂದು ಓಟಗಳು ಬೇಕು. ನಾಲ್ಕು ವಿಕೆಟ್ಟುಗಳು ಉಳಿದಿವೆ. ಐದೂಮುಕ್ಕಾಲಿನ ನಂತರ ಹೊಸ ಓವರು ಆರಂಭವಾಗಕೂಡದೆಂದು ಪಂದ್ಯಾವಳಿಯ ನಿಯಮ. ಆಟ ಮುಗಿಯದಿದ್ದರೆ ಓಟಗಳ ಸರಾಸರಿಯನ್ನು ನೋಡಿ ತೀರ್ಪು. ಸರಾಸರಿಯಲ್ಲಿ ಮುಂದಿರುವ ತಂಡವೇ ಈಗ ಚೆಂಡೆಸೆಯುತ್ತಿದೆ. ಇದ್ದಕ್ಕಿದ್ದಂತೆ ಆ ತಂಡದ ನಾಯಕನಿಗೆ ತನ್ನ ಬೂಟಿನ ದಾರ ಸಡಿಲವಾದದ್ದು ನೆನಪಾಗುತ್ತದೆ. ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಬೌಂಡರಿಯ ಬಳಿಯ ಹುಡುಗನೊಬ್ಬನಿಗೆ ಕಾಲುಳುಕುತ್ತದೆ. ಅವನು ಎದ್ದು ನಿಲ್ಲುವ ಹೊತ್ತಿಗೆ ಅಂಪಾಯರಾಗಿ ನಿಂತ ಮಾಸ್ತರು ಕೈಗಡಿಯಾರ ನೋಡಿ ಬೇಲ್ಸಿಗೆ ಕೈ ಹಾಕುತ್ತಾರೆ.

"ಸರ, ಇನ್ನೂ ಎರಡು ನಿಮಿಷ ಅದಾವಲ್ರೀ!" ಎಂದು ಬ್ಯಾಟು ಹಿಡಿದ ಹುಡುಗ ಕೂಗುತ್ತಾನೆ.

"ಎಲ್ಲಿ ಅದಾವೋ?"

"ನಮ್ಮ ಗುರುಗಳ ಗಡಿಯಾರದಾಗ, ಸರ."

ಇಂತಹ ಸಂಜೆಗಳು ಅವಳಿ ನಗರಕ್ಕೆ ಹೊಸವಲ್ಲ. ಹುಬ್ಬಳ್ಳಿಯಾಗಲಿ ಧಾರವಾಡವಾಗಲಿ, ಶಾಲೆಗಳ ನಡುವಣ ಪಂದ್ಯಗಳು ನಡೆಯುವ ಕಡೆಯಲ್ಲೆಲ್ಲ ಆಟ ಮುಗಿಯುವ ಮುನ್ನವೇ ಹೊತ್ತು ಮುಗಿಯುವುದು ವಾಡಿಕೆ. ನಮ್ಮ ಭಾಷೆಯಲ್ಲಿ ಹೊತ್ತು ಎಂದರೆ ಸೂರ್ಯನೂ ಹೌದು, ಕಾಲವೂ ಹೌದು. ದೀಪಗಳಿಲ್ಲದ ಶಾಲಾ ಮೈದಾನದ ಮಟ್ಟಿಗೆ ಇವೆರಡೂ ನಿಜವಾಗಿಯೂ ಒಂದೇ. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗಿದರೆ ಚರ್ಮದ ಚೆಂಡು ಕಣ್ಣಿಗೆ ಕಾಣದು. ಮೈದಾನ ಒಂದು, ತಂಡಗಳು ಎಂಟು. ಕುಂದಗೋಳ, ಕಲಘಟಗಿ, ನವಲಗುಂದಗಳಿಂದ ಬಂದ ಮಕ್ಕಳು ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕು. ಮನೆಯಲ್ಲಿ ತಾಯಂದಿರು ಬಾಗಿಲಲ್ಲಿ ನಿಂತಿರುತ್ತಾರೆ. ಆದ್ದರಿಂದ ಕಾಲಮಿತಿಯನ್ನು ಯಾರೂ ದೂರಲಾರರು. ತಕರಾರು ಇರುವುದು ಮಿತಿಯ ಬಗ್ಗೆ ಅಲ್ಲ, ಅದನ್ನು ಅಳೆಯುವ ಬಗೆಯಲ್ಲಿ. ಗಡಿಯಾರ ಯಾರ ಕೈಯಲ್ಲಿದೆ, ಯಾವ ಕ್ಷಣದಿಂದ ಎಣಿಕೆ, ಕೊನೆಯ ಪಾಳಿ ಯಾರದು, ಇವಿಷ್ಟೂ ಟಾಸಿಗೆ ಮೊದಲೇ ಇತ್ಯರ್ಥವಾಗಿರದಿದ್ದರೆ ಹನ್ನೆರಡು ವರ್ಷದ ಹುಡುಗನೂ ಸಂಜೆಯೊಳಗೆ ವಕೀಲನಾಗುತ್ತಾನೆ.

ಈ ತೊಡಕು ನಮ್ಮ ಊರಿನದಷ್ಟೇ ಅಲ್ಲ. ಅಮೆರಿಕೆಯ ಮಕ್ಕಳು ವಾರಾಂತ್ಯಗಳಲ್ಲಿ ಆಡುವ ಸಾಫ್ಟ್‌ಬಾಲ್ ಪಂದ್ಯಾವಳಿಗಳಲ್ಲಿ ಇದು ದೊಡ್ಡ ಜಗಳದ ಬೀಜ. 1887ರಲ್ಲಿ ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ, ಮುಷ್ಟಿಕಾಳಗದ ಕೈಚೀಲವನ್ನು ಚೆಂಡಾಗಿಯೂ ಕಸಬರಿಗೆಯ ಹಿಡಿಯನ್ನು ದಾಂಡಾಗಿಯೂ ಮಾಡಿಕೊಂಡು ಹುಟ್ಟಿದ ಆಟ ಅದು. ನಮ್ಮ ದೇಶದಲ್ಲಿಯೂ ಶಾಲೆ, ವಿಶ್ವವಿದ್ಯಾಲಯಗಳ ಮಟ್ಟದಲ್ಲಿ ಅದನ್ನು ಆಡುತ್ತಾರೆ. ಪೂರ್ಣ ಪಂದ್ಯಕ್ಕೆ ಏಳು ಇನ್ನಿಂಗ್ಸ್. ಮಕ್ಕಳ ಪಂದ್ಯಾವಳಿಯಲ್ಲಿ ಒಂದೇ ಅಂಗಣದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಪಂದ್ಯಗಳ ಸಾಲು ಇರುವುದರಿಂದ, ಇಷ್ಟು ನಿಮಿಷಗಳಾದ ಮೇಲೆ ಹೊಸ ಇನ್ನಿಂಗ್ಸ್ ಇಲ್ಲ ಎಂಬ ಕಟ್ಟಳೆ ಮಾಡಿಕೊಳ್ಳುತ್ತಾರೆ. ಹಾಗಾದರೆ ಹೊಸ ಇನ್ನಿಂಗ್ಸ್ ಆರಂಭವಾಗುವುದು ಯಾವಾಗ? ಮೊದಲ ಚೆಂಡು ಎಸೆದಾಗಲ್ಲ. ಹಿಂದಿನ ಇನ್ನಿಂಗ್ಸಿನ ಕೊನೆಯ ಆಟಗಾರ ಔಟಾದ ಕ್ಷಣದಲ್ಲಿಯೇ. ಆ ಕ್ಷಣದಲ್ಲಿ ಒಂದು ನಿಮಿಷ ಉಳಿದಿದ್ದರೂ ಎರಡೂ ತಂಡಗಳಿಗೆ ಇನ್ನೊಂದು ಪೂರ್ಣ ಪಾಳಿ ದಕ್ಕುತ್ತದೆ. ಕೆಲವೆಡೆ ಇದಕ್ಕಿಂತ ಕಠಿಣವಾದ ಕಟ್ಟಳೆಯೂ ಉಂಟು. ಗಂಟೆ ಬಾರಿಸಿತೆಂದರೆ ಆಟ ನಿಂತಲ್ಲಿಯೇ ಸತ್ತಂತೆ. ಅರ್ಧವಾದ ಇನ್ನಿಂಗ್ಸನ್ನು ಅಳಿಸಿ ಹಿಂದಿನ ಪೂರ್ಣ ಇನ್ನಿಂಗ್ಸಿನ ಲೆಕ್ಕಕ್ಕೆ ಮರಳುತ್ತಾರೆ. ಆಗಷ್ಟೇ ಜೀವಮಾನದ ಒಳ್ಳೆಯ ಹೊಡೆತ ಹೊಡೆದ ಹುಡುಗಿಯ ಓಟ ಪುಸ್ತಕದಿಂದಲೇ ಮಾಯವಾಗುತ್ತದೆ!

ನಿಯಮವಿದ್ದಲ್ಲಿ ಉಪಾಯವಿರುವುದು ಸಹಜ. ಮುಂದಿರುವ ತಂಡ ನಿಧಾನವಾಗುತ್ತದೆ. ಹಿಂದುಳಿದ ತಂಡ ಅವಸರಪಡುತ್ತದೆ. ಇನ್ನೊಂದು ಇನ್ನಿಂಗ್ಸ್ ಪಡೆಯಲು ತನ್ನ ಆಟಗಾರನನ್ನೇ ಬೇಕೆಂದು ಔಟು ಮಾಡಿಸುವ ತರಬೇತುದಾರರೂ ಇದ್ದಾರೆ. ಬೇಕೆಂದೇ ಸೋಲುವುದನ್ನು ಮಗುವಿಗೆ ಕಲಿಸಿಕೊಡುವ ನಿಯಮ ಎಷ್ಟು ಒಳ್ಳೆಯದಿದ್ದೀತು?

ಕ್ರಿಕೆಟ್ಟಿನ ನಿಯಮಗಳನ್ನು ಬರೆದವರು ಈ ಕುರಿತು ಚೆನ್ನಾಗಿ ಆಲೋಚಿಸಿದ್ದಾರೆ. 1744ರಷ್ಟು ಹಿಂದೆಯೇ ಲಿಖಿತ ರೂಪ ಪಡೆದು, ಈಗ ಲಂಡನ್ನಿನ ಮೇರಿಲ್‌ಬೋನ್ ಕ್ಲಬ್ಬಿನ ವಶದಲ್ಲಿರುವ ಆ ಸಂಹಿತೆಯಲ್ಲಿ ಒಂದು ಚಿಕ್ಕ ವಾಕ್ಯವಿದೆ. ಒಂದು ಓವರು ಮುಗಿದ ಮೇಲೆ ಅಂಪಾಯರು ಸಹಜ ನಡಿಗೆಯಿಂದ ಸಾಗಿ, ಆಟ ನಿಲ್ಲಬೇಕಾದ ವೇಳೆಗೆ ಮುನ್ನ ಸ್ಟಂಪಿನ ಹಿಂದಿನ ತನ್ನ ಸ್ಥಾನವನ್ನು ಮುಟ್ಟಿದ್ದರೆ, ಮುಂದಿನ ಓವರು ನಡೆಯಲೇಬೇಕು ಎಂಬುದು ಅದರ ಸಾರ. ಸಹಜ ನಡಿಗೆ ಎಂಬ ಮಾತನ್ನು ಗಮನಿಸಬೇಕು. ಅಂಪಾಯರು ಓಡಿ ಒಂದು ತಂಡಕ್ಕೆ ಓವರನ್ನು ದಾನ ಮಾಡುವಂತಿಲ್ಲ. ಕಾಲೆಳೆದು ಇನ್ನೊಂದು ತಂಡಕ್ಕೆ ಪಂದ್ಯವನ್ನು ಒಪ್ಪಿಸುವಂತೆಯೂ ಇಲ್ಲ. ಅಳತೆ ಆಟಗಾರರ ಕೈಯಲ್ಲಿಲ್ಲ, ಗಡಿಯಾರದಲ್ಲಿಯೂ ಪೂರ್ತಿಯಾಗಿ ಇಲ್ಲ. ಒಬ್ಬ ಮನುಷ್ಯನ ನಡಿಗೆಯಲ್ಲಿದೆ! ಇಷ್ಟು ಸೂಕ್ಷ್ಮವಾದ ನ್ಯಾಯ ನಮ್ಮ ಕೋರ್ಟು ಕಚೇರಿಗಳಲ್ಲಿಯೂ ವಿರಳ.

ಕಾಲಹರಣಕ್ಕೂ ಅಲ್ಲಿ ಮದ್ದಿದೆ. ಓವರುಗಳ ನಡುವೆ ಬೇಕೆಂದು ತಡಮಾಡುವ ತಂಡದ ನಾಯಕನಿಗೆ ಮೊದಲು ಎಚ್ಚರಿಕೆ. ಮರುಕಳಿಸಿದರೆ ಎದುರಾಳಿಗೆ ಐದು ಓಟಗಳ ಉಡುಗೊರೆ. ಒಬ್ಬ ಔಟಾದ ಮೇಲೆ ಹೊಸ ಬ್ಯಾಟುಗಾರ ಮೂರು ನಿಮಿಷಗಳೊಳಗೆ ಆಡಲು ಸಿದ್ಧನಾಗದಿದ್ದರೆ ಚೆಂಡೆಸೆಯದೆಯೇ ಅವನನ್ನು ಔಟೆಂದು ಸಾರಬಹುದು. 2023ರ ವಿಶ್ವಕಪ್ಪಿನಲ್ಲಿ ಈ ಅವಧಿ ಎರಡೇ ನಿಮಿಷವಾಗಿತ್ತು. ನವೆಂಬರ್ 6ರಂದು ದಿಲ್ಲಿಯಲ್ಲಿ ಶ್ರೀಲಂಕೆಯ ಆಂಜೆಲೋ ಮ್ಯಾಥ್ಯೂಸ್ ಶಿರಸ್ತ್ರಾಣದ ಪಟ್ಟಿ ಹರಿದುದರಿಂದ ತಡಮಾಡಿ, ಬಾಂಗ್ಲಾದೇಶದ ಮನವಿಯ ಮೇಲೆ ಹೀಗೆಯೇ ಹಿಂತಿರುಗಿದ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಇಂತಹ ಔಟು ಅದೇ ಮೊದಲು. ನಿಯಮದ ಪ್ರಕಾರ ತೀರ್ಪು ಸರಿ. ಆದರೆ ಸಭ್ಯತೆಯ ಪ್ರಕಾರ ಸರಿಯೇ ಎಂದು ಮನೆಮನೆಯಲ್ಲಿಯೂ ಚರ್ಚೆ ನಡೆಯಿತು. ಮಂದ ಬೆಳಕಿನ ವಿಷಯದಲ್ಲಿಯೂ ಕಟ್ಟಳೆ ಬಿಗಿಯಾಗಿದೆ. ಆಡುವಿರಾ ಇಲ್ಲವಾ ಎಂದು ಬ್ಯಾಟುಗಾರರನ್ನೇ ಕೇಳುವ ಪದ್ಧತಿ ಮೊದಲು ಇತ್ತು. 2010ರಲ್ಲಿ ಅದನ್ನು ಕೈಬಿಟ್ಟು ಸಂಪೂರ್ಣ ನಿರ್ಣಯವನ್ನು ಅಂಪಾಯರುಗಳಿಗೇ ಒಪ್ಪಿಸಲಾಯಿತು. ಲಾಭ ಯಾರಿಗಿದೆಯೋ ಅವರನ್ನೇ ನ್ಯಾಯ ಕೇಳುವುದು ಎಷ್ಟು ವಿಚಿತ್ರವೆಂಬುದು ತಡವಾಗಿಯಾದರೂ ಹೊಳೆದಂತಾಯಿತು.

ಕಾಲಮಿತಿಯೇ ಬೇಡವೆಂದರೆ ಏನಾಗುತ್ತದೆ ಎಂಬುದನ್ನೂ ಕ್ರಿಕೆಟ್ಟಿನವರು ನೋಡಿಬಿಟ್ಟಿದ್ದಾರೆ. 1939ರ ಮಾರ್ಚ್ 3ರಂದು ಡರ್ಬಾನಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡುಗಳ ನಡುವೆ, ಒಬ್ಬರು ಗೆಲ್ಲುವವರೆಗೂ ಆಡಬೇಕೆಂಬ ಟೆಸ್ಟ್ ಆರಂಭವಾಯಿತು. ಮಾರ್ಚ್ 14 ಬಂದರೂ ಮುಗಿಯಲಿಲ್ಲ. ಗೆಲುವಿಗೆ 696 ಬೇಕಾಗಿದ್ದ ಇಂಗ್ಲೆಂಡು ಐದು ವಿಕೆಟ್ಟಿಗೆ 654 ಮಾಡಿದ್ದಾಗ ಮಳೆ ಬಂತು; ಊರಿಗೆ ಮರಳುವ ಹಡಗು ಕೇಪ್‌ಟೌನಿನಲ್ಲಿ ಕಾದಿತ್ತು. ಪಂದ್ಯ ಸಮನಾಯಿತೆಂದು ಸಾರಿ ತಂಡ ರೈಲು ಹತ್ತಿತು. ನವಲಗುಂದದ ಬಸ್ಸಿಗೂ ಆ ಹಡಗಿಗೂ ಗಾತ್ರದಲ್ಲಿ ಮಾತ್ರ ಭೇದ.

ಕಾಲಮಿತಿಯನ್ನು ಒರಟಾಗಿ ಪ್ರಯೋಗಿಸಿದರೆ ಆಗುವ ಅನರ್ಥ ಇದಕ್ಕಿಂತ ಹೆಚ್ಚು. 1992ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ, ಸಿಡ್ನಿಯಲ್ಲಿ, ದಕ್ಷಿಣ ಆಫ್ರಿಕಕ್ಕೆ 13 ಚೆಂಡುಗಳಲ್ಲಿ 22 ಓಟ ಬೇಕಾಗಿದ್ದಾಗ ಮಳೆ ಸುರಿಯಿತು. ಹನ್ನೆರಡು ನಿಮಿಷ ಕಳೆದು ಆಟಗಾರರು ಮರಳಿದಾಗ ಒಂದೇ ಚೆಂಡಿನಲ್ಲಿ 21 ಓಟ ಬೇಕೆಂದಾಯಿತು. ಆ ಒಂದು ಚೆಂಡನ್ನು ಆಡಿಸಿದ್ದೂ ಉಂಟು! ಐದು ವರ್ಷಗಳೊಳಗೆ, 1997ರಿಂದ, ಡಕ್‌ವರ್ಥ್ ಮತ್ತು ಲೂಯಿಸ್ ಎಂಬಿಬ್ಬರ ಲೆಕ್ಕ ಬಳಕೆಗೆ ಬಂತು. ಶಾಲಾ ಮೈದಾನಕ್ಕೆ ಅಷ್ಟು ದೊಡ್ಡ ಗಣಿತ ಬೇಡ. ಎರಡೂ ತಂಡಗಳಿಗೆ ಸಮನಾದ ಓವರುಗಳನ್ನು ಮೊದಲೇ ಗೊತ್ತುಮಾಡಿ, ಬೆಳಿಗ್ಗೆ ಅರ್ಧ ತಾಸು ಮುಂಚೆ ಆರಂಭಿಸಿದರೆ ಮುಕ್ಕಾಲು ಜಗಳ ತಪ್ಪೀತು. ಬಹುಮಾನ ವಿತರಣೆಗೆ ಬರುವ ಅತಿಥಿಗಳಿಗಾಗಿ ಮಕ್ಕಳು ಬಿಸಿಲಿನಲ್ಲಿ ಕಾಯುವುದು ನಿಂತರೆ ಇನ್ನೂ ಅರ್ಧ ತಾಸು ಉಳಿದೀತು.

ಈ ವಿಷಯದಲ್ಲಿ ದೇಶೀಯ ಆಟಗಳು ಹೆಚ್ಚು ಜಾಣತನವನ್ನು ತೋರಿಸುತ್ತವೆ. ಕಬಡ್ಡಿಯಲ್ಲಿ ಒಂದು ದಾಳಿಗೆ ಮೂವತ್ತು ಸೆಕೆಂಡುಗಳು. ಅರ್ಧ ಪಂದ್ಯದ ಅವಧಿ ಮುಗಿದರೂ ಆಗ ನಡೆಯುತ್ತಿರುವ ಕೊನೆಯ ದಾಳಿಯನ್ನು ಪೂರ್ತಿ ಮಾಡಲು ಬಿಡಬೇಕು. ಉಸಿರು ಹಿಡಿದು ಎದುರಾಳಿಯ ಅಂಗಣದಲ್ಲಿರುವವನ ಕಾಲ ಕೆಳಗಿಂದ ನೆಲವನ್ನು ಎಳೆದುಕೊಳ್ಳಕೂಡದು ಎಂಬ ಭಾವನೆ ಅದರಲ್ಲಿದೆ.

ಖೋ-ಖೋ ಇನ್ನೂ ಒಂದು ಹೆಜ್ಜೆ ಮುಂದೆ. ಪುಣೆಯ ಡೆಕ್ಕನ್ ಜಿಮಖಾನಾದವರು 1914ರಲ್ಲಿ ನಿಯಮಗಳಿಗೆ ರೂಪ ಕೊಟ್ಟ ಈ ಆಟಕ್ಕೆ ಅವಳಿ ನಗರದ ನಂಟು ಸಹಜವಾದುದು. 1956ರವರೆಗೆ ಈ ಪ್ರದೇಶ ಮುಂಬಯಿ ಪ್ರಾಂತದ ಭಾಗವೇ ಆಗಿತ್ತು. ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದು 1959-60ರಲ್ಲಿ, ವಿಜಯವಾಡದಲ್ಲಿ. ಒಂಬತ್ತು ಜನರ ಎರಡು ತಂಡಗಳು. ಬೆನ್ನಟ್ಟುವವರಲ್ಲಿ ಎಂಟು ಮಂದಿ ಚೌಕಗಳಲ್ಲಿ ಕುಳಿತಿರುತ್ತಾರೆ, ಒಬ್ಬ ಓಡುತ್ತಾನೆ. ಹಿರಿಯರ ಪಂದ್ಯದಲ್ಲಿ ಒಂದು ಪಾಳಿಗೆ ಒಂಬತ್ತು ನಿಮಿಷ. ಚಿಕ್ಕ ಮಕ್ಕಳಿಗೆ ಏಳು. ಈ ತಂಡ ಅಟ್ಟುವಷ್ಟೇ ಹೊತ್ತು ಆ ತಂಡವೂ ಅಟ್ಟುತ್ತದೆ. ಅಟ್ಟುವ ತಂಡದ ನಾಯಕ ಸಾಕೆನಿಸಿದರೆ ರೆಫ್ರಿಗೆ ಸನ್ನೆ ಮಾಡಿ ತನ್ನ ಪಾಳಿಯನ್ನು ಮುಂಚೆಯೇ ಮುಗಿಸಬಹುದು. ಆದರೆ ಎದುರಾಳಿಯ ಪಾಳಿಯಿಂದ ಒಂದು ಸೆಕೆಂಡನ್ನೂ ಕದಿಯಲಾರ. ಬೇರೆ ಆಟಗಳಲ್ಲಿ ಕಾಲ ಕಳೆಯುವುದು ತಪ್ಪು. ಇಲ್ಲಿ ಓಡುವವನ ಕಲೆಯೇ ಅದು. ಕಂಬಗಳ ನಡುವೆ, ಬಾಗಿದ ಬೆನ್ನುಗಳ ಸಂದಿಯಲ್ಲಿ, ಕೈಗೆ ಸಿಗದೆ ಮೂರು ನಿಮಿಷ ಉಳಿದ ಹುಡುಗಿಗೆ ಮೈದಾನವೆಲ್ಲ ಚಪ್ಪಾಳೆ ತಟ್ಟುತ್ತದೆ. ಅಂಕಗಳು ಸಮನಾಗಿ, ಹೆಚ್ಚಿನ ಇನ್ನಿಂಗ್ಸಿನಲ್ಲಿಯೂ ಇತ್ಯರ್ಥವಾಗದಿದ್ದರೆ, ಮೊದಲ ಅಂಕ ಗಳಿಸಲು ಯಾವ ತಂಡ ಕಡಿಮೆ ಕಾಲ ತೆಗೆದುಕೊಂಡಿತೆಂದು ನೋಡಿ ತೀರ್ಮಾನಿಸುತ್ತಾರೆ. ಗಡಿಯಾರವೇ ಅಲ್ಲಿ ನ್ಯಾಯಾಧೀಶ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು, ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಆ ತಂಡಗಳಲ್ಲಿದ್ದರು.

ಖೋ-ಖೋ ಪಂದ್ಯಕ್ಕೆ ಇಬ್ಬರು ಅಂಪಾಯರು, ಒಬ್ಬ ರೆಫ್ರಿ, ಅಂಕ ಬರೆಯುವವರು. ಇವರಲ್ಲದೆ ಕಾಲ ನೋಡುವುದಕ್ಕೆಂದೇ ಬೇರೆ ಅಧಿಕಾರಿ. ಇದರಲ್ಲಿ ದೊಡ್ಡ ವಿವೇಕವಿದೆ. ಶಾಲಾ ಕ್ರಿಕೆಟ್ಟಿನಲ್ಲಿ ಒಬ್ಬರೇ ಮಾಸ್ತರು ಚೆಂಡನ್ನೂ ನೋಡಬೇಕು, ಗೆರೆಯನ್ನೂ ನೋಡಬೇಕು, ಗಡಿಯಾರವನ್ನೂ ನೋಡಬೇಕು. ಎಷ್ಟೋ ಸಲ ಅವರು ಆಡುತ್ತಿರುವ ಎರಡು ಶಾಲೆಗಳಲ್ಲಿ ಒಂದರ ದೈಹಿಕ ಶಿಕ್ಷಕರೇ ಆಗಿರುತ್ತಾರೆ. ಬಹುಪಾಲು ಮಾಸ್ತರುಗಳು ಪ್ರಾಮಾಣಿಕರೆಂಬುದರಲ್ಲಿ ಸಂಶಯವಿಲ್ಲ. ಕೆಲವರು ಪಕ್ಷಪಾತದ ಮಾತು ಬರಬಾರದೆಂಬ ಭಯದಿಂದ ತಮ್ಮ ಹುಡುಗರನ್ನೇ ಔಟು ಕೊಡುವುದೂ ಉಂಟು, ಅದೂ ಅನ್ಯಾಯವೇ. ದೊಡ್ಡವರ ಕ್ರಿಕೆಟ್ಟಿನಲ್ಲಿಯೂ ಆತಿಥೇಯ ದೇಶದ ಅಂಪಾಯರುಗಳೇ ಬಹುಕಾಲ ನಿಲ್ಲುತ್ತಿದ್ದರು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ-ವೆಸ್ಟ್ ಇಂಡೀಸ್ ಟೆಸ್ಟಿಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ಕರೆಸಿದಾಗ ಅದು ದೊಡ್ಡ ಸುದ್ದಿಯಾಯಿತು. ಲಾಹೋರಿಗೆ ನೆರೆದೇಶದಿಂದ ಇಬ್ಬರು ಹೋಗಬಹುದಾದರೆ, ಹುಬ್ಬಳ್ಳಿಯ ಪಂದ್ಯಕ್ಕೆ ಧಾರವಾಡದಿಂದ, ಧಾರವಾಡದ ಪಂದ್ಯಕ್ಕೆ ಹುಬ್ಬಳ್ಳಿಯಿಂದ ಒಬ್ಬರು ಬರುವುದಕ್ಕೆ ಇಪ್ಪತ್ತು ಕಿಲೋಮೀಟರು ಅಡ್ಡಿಯೇ?

ಎರಡು ನಿಮಿಷಕ್ಕಾಗಿ ಇಷ್ಟೊಂದು ಮಾತೇಕೆ ಎಂದು ಮನೆಯ ಹಿರಿಯರು ಕೇಳಬಹುದು. ಗದಗಿನ ಹುಡುಗನೊಬ್ಬ ಬೆಳಿಗ್ಗೆ ಎದ್ದು ಸುಮಾರು ನಲವತ್ತು ಮೈಲಿ ದೂರದ ಹುಬ್ಬಳ್ಳಿಗೆ ಬಂದು, ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಗಂಟೆಗೆ ಮುನ್ನ ಹಿಂತಿರುಗುತ್ತಿದ್ದ. ಸುನೀಲ ಜೋಶಿ ಎಂದು ಮುಂದೆ ಹೆಸರಾದ ಆತ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರುಗಳಲ್ಲಿ ಆರೇ ಓಟ ಕೊಟ್ಟು ಐದು ವಿಕೆಟ್ ಪಡೆದ. ಎಲ್ಲ ಹುಡುಗರೂ ಜೋಶಿಯಾಗುವುದಿಲ್ಲ. ಆದರೆ ನಸುಕಿನಲ್ಲಿ ಬಸ್ಸು ಹತ್ತಿ ಬಂದವನಿಗೆ ಆರು ಚೆಂಡುಗಳು ಎಷ್ಟು ಬೆಲೆಯವೆಂಬುದನ್ನು ಬೂಟಿನ ದಾರ ಕಟ್ಟುತ್ತಿರುವ ನಾಯಕನೂ ಬಲ್ಲ. ಬಲ್ಲನೆಂದೇ ಅಷ್ಟು ನಿಧಾನವಾಗಿ ಕಟ್ಟುತ್ತಾನೆ.

ಬೇವಿನ ನೆರಳು ಈಗ ಪಿಚ್ಚನ್ನೂ ದಾಟಿದೆ. ಮಾಸ್ತರು ಬೇಲ್ಸಿನ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆಯುತ್ತಾರೆ. ಎರಡು ತಂಡಗಳ ನಾಯಕರನ್ನೂ ಕರೆದು, ತಮ್ಮ ಗಡಿಯಾರವನ್ನೂ ಹುಡುಗನ ಗುರುಗಳ ಗಡಿಯಾರವನ್ನೂ ಅಂಕ ಬರೆಯುವ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇರಿಸುತ್ತಾರೆ. ಎರಡಕ್ಕೂ ಒಂದೂವರೆ ನಿಮಿಷದ ಅಂತರ. ಬೆಳಿಗ್ಗೆ ಆಟ ಆರಂಭವಾದದ್ದು ಯಾವ ಗಡಿಯಾರದ ಪ್ರಕಾರ ಎಂದು ಕೇಳುತ್ತಾರೆ. ಅಂಕ ಬರೆಯುವ ಹುಡುಗ ಪುಸ್ತಕ ತಿರುವಿ, ನಿಮ್ಮದೇ ಸರ, ಎನ್ನುತ್ತಾನೆ. ಆ ಗಡಿಯಾರದಲ್ಲಿ ಇನ್ನೂ ನಲವತ್ತು ಸೆಕೆಂಡು ಉಳಿದಿದೆ.

"ಬೂಟು ಕಟ್ಟಿದ್ದು ಆತೇನೋ?"

"ಆತ್ರೀ, ಸರ."

ಮಾಸ್ತರು ಗಡಿಯಾರವನ್ನು ಅಲ್ಲಿಯೇ ಬಿಟ್ಟು, ಅವಸರವಿಲ್ಲದೆ, ತಡಮಾಡದೆ, ಆಚೆಯ ಸ್ಟಂಪಿನ ಕಡೆಗೆ ನಡೆಯುತ್ತಾರೆ. ಬ್ಯಾಟು ಹಿಡಿದ ಹುಡುಗ ಗಾರ್ಡು ಕೇಳುತ್ತಾನೆ.